ನಡುವಿನ ಹಸಿರು ತುಂಡು

ಶಾಹಿದಾ ಆಪಾ, ನಿಮ್ಮ ಕೌದಿಯ ನಡುವೆ ಇರುವ ಹಸಿರು ತುಂಡು ನಿಮ್ಮ ಅಮ್ಮೀಯ ಸೀರೆಯದಲ್ಲ. ಯಾರ ಸೀರೆಯದೆಂದು ನನಗೂ ಗೊತ್ತಿಲ್ಲ. ಹನ್ನೊಂದು ವರ್ಷ ನಿಮಗೆ ಸುಳ್ಳು ನಂಬಿಸಿದೆ.

ಅಫಜಲಪುರದಿಂದ ಹಳೆ ಬಟ್ಟೆಯ ಗಂಟು ಹೊತ್ತು, ಆಳಂದದ ನನ್ನ ಮನೆಗೆ ಕೌದಿ ಹೊಲಿಸಲು ನೀವು ಬಂದ ದಿನ ನೆನಪಿದೆಯೇ? ಗಂಟಿನ ಮೇಲೆಯೇ ಆ ಹಸಿರು ಸೀರೆ ಇತ್ತು. ಟ್ರಂಕಿನಲ್ಲಿ ಮಡಿಸಿಟ್ಟೇ ಮಾಸಿದ್ದು, ಆದರೂ ಅಮ್ಮೀಯ ಅತ್ತರಿನ ವಾಸನೆ ಬಿಟ್ಟಿರಲಿಲ್ಲ.

“ಅಮ್ಮೀದು ಇದೊಂದೇ ಉಳದದ, ಕಾಶಿಬಾಯಿ. ಒಗಿಬ್ಯಾಡ್ರಿ, ಹಂಗೇ ನಡುವ ಹಾಕ್ರಿ,” ಅಂದಿರಿ.

“ಆಪಾ, ನನಗ ಕೌದಿ ಕಲಿಸಬ್ಯಾಡ್ರಿ!” — ಅಂದವಳು ನಾನು.

ಸೊಕ್ಕು ಅನ್ನಿ, ಒಪ್ಪುತ್ತೇನೆ. ನನ್ನ ಉದ್ದ ಸೂಜಿಯನ್ನು ಇನ್ನೊಬ್ಬರು ಮುಟ್ಟುವ ಹಾಗಿಲ್ಲ, ದಾರಕ್ಕೆ ಮೇಣವನ್ನು ನಾನೇ ಸವರಬೇಕು, ಸೋಡಾ ನೀರಲ್ಲಿ ಕುದಿಸದ ಬಟ್ಟೆ ನನ್ನ ಕೌದಿಯೊಳಗೆ ಹೋಗುವಂತಿಲ್ಲ. ಅಕ್ಕಿಕಾಳಿನಷ್ಟು ಸಣ್ಣ ಹೊಲಿಗೆಯನ್ನು ಸಾಲು ತಪ್ಪದೆ ಹಾಕುವವರು ನಮ್ಮ ಕಡೆ ಇನ್ನೊಬ್ಬರಿದ್ದರೆ ತೋರಿಸಿ — ಇಂದಿಗೂ ಹೀಗೇ ಕೇಳುತ್ತೇನೆ.

ನೀವು ಅತ್ತ ಹೋದಿರಿ, ಇತ್ತ ನಾನು ಅದನ್ನೂ ಕುದಿಸಿದೆ. ಎತ್ತಲು ಹೋದರೆ ನೆನೆದ ರೊಟ್ಟಿಯ ಹಾಗೆ ಕೈಗೆ ಚೂರುಚೂರಾಗಿ ಬಂತು. ಒಂದು ಗೇಣು ಕೂಡ ಉಳಿಯಲಿಲ್ಲ. ಆಗಲೇ ಹೇಳಬಹುದಿತ್ತು — ನಿಮ್ಮ ಕಾಲು ಹಿಡಿಯಬಹುದಿತ್ತು. ಆದರೆ ಕಾಶಿಬಾಯಿಯ ಕೈಯಲ್ಲಿ ಬಟ್ಟೆ ಹಾಳಾಯಿತು ಅನ್ನುವ ಮಾತು... ಅದನ್ನು ಕೇಳುವ ಎದೆ ನನಗಿರಲಿಲ್ಲ. ಸ್ಟೀಲ್ ಪಾತ್ರೆ ಕೊಟ್ಟು ಹಳೆ ಬಟ್ಟೆ ಒಯ್ಯುವಾಕೆಯ ಗಂಟು ಕೆದಕಿ, ಅದೇ ಬಣ್ಣದ್ದೊಂದು ಹುಡುಕಿದೆ. ಗುರುತು ಹತ್ತಬಾರದೆಂದು ಅದಕ್ಕೆ ಅಂಥದೇ ಅತ್ತರು ಸವರಿ, ಮೇಲೆ ಒತ್ತೊತ್ತಾಗಿ ಹೊಲಿದೆ. ನಾನು ಈ ಜನ್ಮದಲ್ಲಿ ಹಾಕಿದ ಅತಿ ಚಂದದ ಹೊಲಿಗೆ ಆ ಸುಳ್ಳಿನ ಮೇಲೇ ಇದೆ, ಆಪಾ.

ಕೌದಿ ಕೈಗೆ ಬಂದಾಗ ನೀವು ಆ ತುಂಡಿಗೆ ಕೆನ್ನೆ ಒತ್ತಿ, “ಅಮ್ಮೀ ಸಿಕ್ಕಂಗಾಯ್ತ್ರಿ,” ಅಂದಿರಿ. ಕಂಡವರಿಗೆಲ್ಲ ನನ್ನ ಹೆಸರು ಹೇಳಿದಿರಿ. ಜೇವರ್ಗಿಯಿಂದಲೂ ಹೆಂಗಸರು ಗಂಟು ಹೊತ್ತು ಬಂದರು. ನಾನು ತಲೆ ಎತ್ತಿಕೊಂಡೇ ಓಡಾಡಿದೆ.

ಹೋದ ವಾರ ನೀವು ಅದೇ ಕೌದಿ ಕಳಿಸಿದ್ದೀರಿ — ಸವೆದ ಅಂಚಿಗೆ ಹೊಸ ಬಟ್ಟೆ ಕೂಡಿಸಬೇಕೆಂದು. ಮಗಳಿಗೆ ದಿನ ತುಂಬಿದೆ, ಕೂಸನ್ನು ಮೊದಲು ಅಮ್ಮೀಯ ಸೀರೆಯ ಮೇಲೆ ಮಲಗಿಸಬೇಕೆಂದು ಫೋನಿನಲ್ಲಿ ಹೇಳಿದಿರಿ. ನಾನು ಹೂಂ ಅಂದೆ. ಫೋನ್ ಇಟ್ಟ ಮೇಲೆ ಸೂಜಿಗೆ ದಾರ ಪೋಣಿಸಲು ಆಗಲಿಲ್ಲ. ನಾಚಿಕೆಯಾಯಿತು.

ಅಂಚು ಈಗ ಮುಗಿದಿದೆ. ನಡುವಿನ ತುಂಡನ್ನು ಮುಟ್ಟಿಲ್ಲ. ಅದನ್ನು ತೆಗೆಯುವುದೂ ನನ್ನ ಮರ್ಜಿಯಾಗಬಾರದು. ನಾಳೆ ಬೆಳಗಿನ ಬಸ್ಸಿಗೆ ಕೌದಿಯನ್ನೂ ಈ ಕಾಗದವನ್ನೂ ನಾನೇ ತರುತ್ತೇನೆ. ನೀವು ಓದಿ ಮುಗಿಸುವ ತನಕ ಹೊಸ್ತಿಲಾಚೆ ನಿಂತಿರುತ್ತೇನೆ. ಬಿಚ್ಚು ಅಂದರೆ, ನಿಮ್ಮೆದುರಿಗೇ ಕೂತು ಅಷ್ಟೂ ಹೊಲಿಗೆಯನ್ನು ನನ್ನ ಕೈಯಾರೆ ಬಿಚ್ಚುತ್ತೇನೆ.