ಮೊಣಕೈಗೆ ಎಟುಕುವ ಹಿಡಿ

ಚಿಕೂನ್‌ಗುನ್ಯ ಬಂದು ಹೋದ ಮೇಲೆ ನಮ್ಮತ್ತೆಯ ಬೆರಳುಗಳು ಮಡಚಲು ಬಾರದಂತಾದವು. ಸೀರೆಗೆ ನೆರಿಗೆ ಹಿಡಿದುಕೊಡುವುದು, ಅನ್ನ ಕಲಸಿಕೊಡುವುದು ನನ್ನ ಪಾಲಿಗೆ ಬಂತು. ಅವರೂ ಮುಜುಗರವಿಲ್ಲದೆ ಮಾಡಿಸಿಕೊಳ್ಳುತ್ತಿದ್ದರು.

ಅಷ್ಟರಲ್ಲಿ ಕಾರ್ತಿಕ ಬಂತು. ಅತ್ತೆ ನೀರು ಕುಡಿಯುವುದನ್ನೇ ಕಡಿಮೆ ಮಾಡಿದರು. ಕೇಳಿದರೆ "ವ್ರತ ಕಣವ್ವ" ಎನ್ನುತ್ತಿದ್ದರು. ನಮ್ಮ ಮನೆಯಲ್ಲಿ ವ್ರತ ಎಂದ ಮೇಲೆ ಯಾರೂ ಎರಡನೆಯ ಮಾತು ಆಡುವುದಿಲ್ಲ. ಬಾಡಿಗೆಗಿರುವ ಹುಡುಗಿಯಂತೂ, "ಈ ವಯಸ್ಸಲ್ಲೂ ಅಜ್ಜಿ ಎಷ್ಟು ಸ್ಟ್ರಿಕ್ಟು ಆಂಟಿ!" ಎಂದು ಕೈ ಮುಗಿದಳು. ನನಗೂ ಹೆಮ್ಮೆಯೇ ಆಯಿತು.

ಕಾರ್ತಿಕ ಮುಗಿದರೂ ವ್ರತ ಮುಗಿಯಲಿಲ್ಲ. ಒಂದು ಬೆಳಿಗ್ಗೆ ಲಿಂಗಪೂಜೆಗೆ ಕೂತವರು ತಲೆಸುತ್ತಿ ಗೋಡೆಗೆ ಒರಗಿಬಿಟ್ಟರು. ಕ್ಲಿನಿಕ್ಕಿನಲ್ಲಿ ಡಾಕ್ಟರು, ಮೂತ್ರದ ಸೋಂಕು, ಮೈಯಲ್ಲಿ ನೀರಿಲ್ಲ, ಹೀಗೇ ಬಿಟ್ಟರೆ ಕಿಡ್ನಿಗೆ ತೊಂದರೆ ಎಂದು ಹೆದರಿಸಿದರು.

ಮನೆಗೆ ಬಂದು ಕೇಳಿದೆ. "ಕಾರ್ತಿಕ ಮುಗೀತಲ್ಲ ಅತ್ತೆ, ಇದ್ಯಾವ ವ್ರತ?"

ಅವರು ಬಚ್ಚಲ ಕಡೆ ನೋಡಿದರು. "ಆ ಫ್ಲಶ್ಶಿನ ಗುಂಡಿ ಒತ್ತೋಕಾಗಲ್ಲ ಕಣವ್ವ. ಬಕೆಟ್ ಎತ್ತೋಕೂ ಆಗಲ್ಲ. ಹಂಗೇ ಬಿಟ್ಟು ಬಂದ್ರೆ ನೀನು ತೊಳೀಬೇಕು. ಪೂಜೆ ಮಾಡೋ ಕೈ ನಿಂದು."

"ನಿಮ್ಮ ಮೊಮ್ಮಕ್ಕಳದ್ದು ತೊಳೆದ ಕೈಯಲ್ಲೇ ಅಲ್ವಾ ಪೂಜೆ ಮಾಡಿದ್ದು?"

"ಮಕ್ಕಳದ್ದು ಬ್ಯಾರೆ, ಅತ್ತೇದು ಬ್ಯಾರೆ."

ವಾದ ಮಾಡಿ ಪ್ರಯೋಜನವಿರಲಿಲ್ಲ. ಮಾರನೆಯ ದಿನವೇ ಪ್ಲಂಬರನ್ನು ಕರೆಸಿದೆ. ಅವನು ಫ್ಲಶ್ ಟ್ಯಾಂಕಿನ ಮುಚ್ಚಳ ತೆಗೆದು ನೋಡಿ, "ಚೆನ್ನಾಗೇ ಇದೆಯಲ್ಲ ಆಂಟಿ, ಯಾಕೆ ಬದಲಾಯಿಸ್ತೀರ?" ಎಂದ. ಮೇಲೆ ಒತ್ತುವ ಗುಂಡಿ ಬೇಡ, ಪಕ್ಕದಲ್ಲಿ ಉದ್ದ ಹಿಡಿ ಇರಬೇಕು, ಮೊಣಕೈಯಲ್ಲಿ ತಳ್ಳಿದರೆ ಇಳಿಯಬೇಕು ಎಂದೆ.

"ಅದು ಹಳೇ ಮಾಡೆಲ್ಲು ಆಂಟಿ. ಈಗ ಯಾರೂ ಹಾಕಿಸಲ್ಲ."

ಒಳಗಿನಿಂದ ಅತ್ತೆಯ ದನಿ ಬಂತು. "ನಾನೂ ಹಳೇ ಮಾಡೆಲ್ಲೇ ಕಣಪ್ಪ. ತಂದು ಹಾಕು."

ಅವನು ನಗುತ್ತಲೇ ಹೋಗಿ, ಎರಡು ಮೂರು ಅಂಗಡಿ ತಿರುಗಿ ಅಂಥದ್ದೇ ಟ್ಯಾಂಕ್ ತಂದು ಕೂರಿಸಿದ. ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಪರೀಕ್ಷೆಗೆ ಹೋಗುವವರಂತೆ ಒಳಗೆ ಹೋದರು. ಮೊಣಕೈ ಊರಿದರು. ನೀರು ಭರ್ರೆಂದು ಇಳಿಯಿತು. ಕೂಡಲೇ ಇನ್ನೊಮ್ಮೆ ಊರಿದರು.

"ತುಂಬ್ಲಿ ತಡೀರಿ ಅಜ್ಜಿ!" ಎಂದು ಪ್ಲಂಬರ್ ಕೂಗಿದ.

ದೊಡ್ಡ ಮನೆ, ದೊಡ್ಡ ಕಾರು ಕೊಟ್ಟವರಿಗೆ ಕೊಟ್ಟಿದ್ದಾನೆ ಶಿವ. ನನಗೆ ಅತ್ತೆಯನ್ನು ಉಳಿಸಿಕೊಟ್ಟ. ಬೇರೊಬ್ಬರ ಕೈಗೆ ಕಾಯದೆ ಬಚ್ಚಲಿಗೆ ಹೋಗಿಬರುವ ಮಾನವನ್ನು ಅವರಿಗೆ ಉಳಿಸಿಕೊಟ್ಟ. ಇದಕ್ಕಿಂತ ಹೆಚ್ಚಿಗೆ ಏನು ಕೇಳಲಿ?

ಅಂದು ಮಧ್ಯಾಹ್ನ ಊಟಕ್ಕೆ ಕೂತಾಗ ಅತ್ತೆ ಎರಡೂ ಅಂಗೈಗಳ ನಡುವೆ ಚೊಂಬು ಹಿಡಿದು ಗಟಗಟನೆ ನೀರು ಕುಡಿದರು. ಖಾಲಿ ಚೊಂಬನ್ನು ನನ್ನ ಕಡೆ ತಳ್ಳಿ, "ಮಜ್ಜಿಗೆ ಐತೇನು? ಅದನ್ನೂ ಹಾಕು" ಎಂದರು.