ಇಲಿಗೆ ತುಂಬಿದ ಉಡಿ

ಹುಕ್ಕೇರಿ ಬಿಟ್ಟು ಪುಣೆ ಸೇರಿದ್ದ ನಾನು, ಪ್ರಯೋಗಾಲಯದ ಹೆಣ್ಣಿಲಿಯೊಂದನ್ನು ರೈಲಿನಲ್ಲಿ ಬೆಂಗಳೂರಿಗೆ ಒಯ್ಯುತ್ತಿದ್ದೆ. ಗೋಕಾಕ ರೋಡಿನಲ್ಲಿ ಹತ್ತಿದ ಹೆಂಗಸು ಪಂಜರ ನೋಡಿ, "ಇದಕ್ಕ ಮಕ್ಕಳೆಷ್ಟ್ರಿ ಅಕ್ಕಾರ?" ಎಂದಳು.

"ಆಗೂದಿಲ್ಲವ್ವಾ, ಅಂಡಾಶಯ ತಗದೀವಿ. ಮಿದುಳಿನ ಬುಡದಾಗಿನ ಗ್ರಂಥಿ ರಸ ಕಳಿಸಿ ಅಂಡಾಶಯಾನ ಕರೀತೈತಿ. ಅಲ್ಲಿಂದ ತಿರುಗಿ ರಸ ಬಂದ್ರ ಕರಿಯೂದು ಕಡಿಮಿ ಆಗ್ತೈತಿ. ಇಲ್ಲಿ ಓಗೊಡಾವ್ರ ಇಲ್ಲ."

"ಹಂಗಾದ್ರ ಇನ್ನೂ ಕರಿಯಾಕತ್ತೇತೇನ್ರಿ?"

"ಮದಲಿಗಿಂತ ಜೋರಾಗಿ."

ಅವಳು ಪಂಜರದತ್ತ ನೋಡುತ್ತಲೇ ತನ್ನ ಕಥೆ ಹೇಳಿದಳು. ಇವಳಿಗೆ ಮಕ್ಕಳಾಗಲಿಲ್ಲವೆಂದು ಅತ್ತೆ ತನ್ನ ಮಗನಿಗೆ ಇನ್ನೊಂದು ಹೆಣ್ಣು ನೋಡಿದ್ದಳಂತೆ. ಅದನ್ನು ತಡೆಯಲು ಇವಳು ಗಂಡನ ಮನೆಗೆ ಹೊರಟಿದ್ದಳು. ತವರಲ್ಲಿ ತುಂಬಿದ್ದ ಉಡಿಯಿಂದ ಅಕ್ಕಿ, ಕೊಬ್ಬರಿ ತೆಗೆದು ಪಂಜರದೊಳಗೆ ಇಟ್ಟಳು.

"ತಿನ್ನವ್ವಾ. ನಾವಿಬ್ಬರೂ ಕರಿಯೂದು ಬಿಡೂದು ಬ್ಯಾಡ."

ಇಲಿಗೆ ತೂಗಿದ ಆಹಾರವನ್ನಷ್ಟೇ ಕೊಡಬೇಕೆಂಬುದು ನಿಯಮ. ನಾನು ಕಿಟಕಿಯಾಚೆ ನೋಡುತ್ತ ಕುಳಿತೆ.

ಬೆಂಗಳೂರಿನ ಪ್ರಯೋಗಾಲಯದ ಸಾಹೇಬರು ಇಲಿಯನ್ನು ತೂಗಿ, "ಪ್ರಯಾಣದಲ್ಲಿ ತೂಕ ಹೆಚ್ಚಿಸಿಕೊಂಡ ಇಲಿಯನ್ನು ಇದೇ ಮೊದಲು ನೋಡುತ್ತಿದ್ದೇನೆ" ಎಂದು ಆಶ್ಚರ್ಯಪಟ್ಟರು.