ಬರಿಗೈಯಲ್ಲಿ ಕೂತವಳು

ತೆಲುಗು ಸೀಮೆಯ ಮಾದಾಪುರದಲ್ಲಿ ಗಾಜಿನ ಕಟ್ಟಡಗಳು ಏಳತೊಡಗಿದ ವರ್ಷಗಳಲ್ಲಿ, ಎಲ್ಲೂ ಬರೆದಿಡದ ಒಂದು ಕಟ್ಟಳೆ ಅಲ್ಲಿನ ಕೂಲಿಗಳಿಗೆಲ್ಲ ಗೊತ್ತಿತ್ತು. ಊಟದ ಹೊತ್ತು ಬಿಟ್ಟರೆ ಯಾರೂ ಕೂರುವಂತಿಲ್ಲ. ಆದರೆ ಗಂಡಸು ಬೀಡಿ ಹಚ್ಚಿದರೆ, ಹೆಂಗಸು ಸೊಂಟದ ಸಂಚಿ ಬಿಚ್ಚಿ ಅಂಗೈಯಲ್ಲಿ ತಂಬಾಕು ಸುಣ್ಣ ತಿಕ್ಕತೊಡಗಿದರೆ, ಮೇಸ್ತ್ರಿ ಮಲ್ಲಣ್ಣ ಐದು ನಿಮಿಷ ಬೇರೆ ಕಡೆ ನೋಡುತ್ತಿದ್ದ.

ಶಹಾಪುರದಿಂದ ಬಂದ ಗದಿಗೆಮ್ಮನಿಗೆ ಇದನ್ನು ಹೇಳಿಕೊಟ್ಟವಳು ಅದೇ ಸೀಮೆಯ ಶಿವದೇವಿ. ಅದು ಕೆಲಸದ ಮೊದಲ ವಾರ. ತಲೆಯ ಮೇಲೆ ಕಾಂಕ್ರೀಟಿನ ಪುಟ್ಟಿ ಹೊತ್ತು ಮೂರು ಮಹಡಿ ಹತ್ತಿಳಿದು ಗದಿಗೆಮ್ಮನ ಮೊಣಕಾಲು ನಡುಗುತ್ತಿದ್ದವು.

"ಸುಮ್ನ ಕುಂತ್ರ ಬೈತಾನ," ಎಂದು ಶಿವದೇವಿ ಒಂದು ಚಿಟಿಕೆ ತಂಬಾಕು ಅವಳ ಕೈಗಿಟ್ಟಳು. "ಇದನ್ನ ಹಿಡ್ಕೊಂಡು ಕುಂದ್ರು. ಯಾರೂ ಕೇಳಂಗಿಲ್ಲ."

ಎಂಟು ವರ್ಷ ಯಾರೂ ಕೇಳಲಿಲ್ಲ. ಒಂಬತ್ತನೆಯ ವರ್ಷ ಬಾಯಿ ಕೇಳಿತು. ಕೆನ್ನೆಯ ಒಳಗೆ ಬಿಳಿಯ ಮಚ್ಚೆಯೊಂದು ಎದ್ದಿತು. ಖಾರ ತಾಗಿದರೆ ಕೆಂಡ ತಾಗಿದಂತೆ. ಹುಟ್ಟಿದಾಗಿನಿಂದ ಕೆಂಪು ಚಟ್ನಿಯಿಲ್ಲದೆ ರೊಟ್ಟಿ ಮುರಿಯದವಳು ಈಗ ಬರಿ ರೊಟ್ಟಿಯನ್ನು ಮಜ್ಜಿಗೆಯಲ್ಲಿ ನೆನೆಸಿ ನುಂಗುತ್ತಿದ್ದಳು. ಸರ್ಕಾರಿ ದವಾಖಾನೆಯ ಡಾಕ್ಟರಮ್ಮ ಬ್ಯಾಟರಿ ಬಿಟ್ಟು ನೋಡಿ ತೆಲುಗಿನಲ್ಲಿ ಮೆಲ್ಲಗೆ ಹೇಳಿದಳು: ಈಗ ಬಿಟ್ಟರೆ ಮಚ್ಚೆ ಹೋದೀತು; ಬಿಡದಿದ್ದರೆ ಅದು ಕ್ಯಾನ್ಸರ್ ಆದೀತು.

ಗದಿಗೆಮ್ಮ ಹೆದರಿದಳು. ಮರುದಿನ ಬೆಳಿಗ್ಗೆ ಸಂಚಿಯನ್ನೇ ಕಿತ್ತು ಹೊಸ ಕಟ್ಟಡದ ನಾಲ್ಕನೆಯ ಮಹಡಿಯ ಕಂಬದ ಹಸಿ ಕಾಂಕ್ರೀಟಿಗೆ ಎಸೆದಳು. ಹನ್ನೊಂದಕ್ಕೆ ಕೈ ತಾನಾಗಿ ಸೊಂಟಕ್ಕೆ ಹೋಯಿತು. ಹನ್ನೆರಡಕ್ಕೆ ಶಿವದೇವಿಯ ಮುಂದೆ ಅಂಗೈ ಚಾಚಿದಳು.

"ಕಂಬಕ್ಕ ತಂಬಾಕ ತಿನಿಸಿ ನನ್ನ ಹತ್ರ ಬೇಡಾಕತ್ತೀಯಲ್ಲಬೇ," ಶಿವದೇವಿ ನಕ್ಕಳು. "ಇನ್ನ ಅದರ ಬಾಯಿ ನೋಡಾಕ ಯಾರನ್ನ ಕರಸೋಣು?"

ಗದಿಗೆಮ್ಮ ನಗಲಿಲ್ಲ. ಆಮೇಲೂ ಎಷ್ಟೋ ಬಾರಿ ಬಿಟ್ಟಳು, ಎಷ್ಟೋ ಬಾರಿ ಹಿಡಿದಳು. ಸಾವು ಕಣ್ಣೆದುರು ಇರುವಾಗಲೂ ಒಂದು ಚಿಟಿಕೆಗೆ ಸೋಲುವ ತನ್ನ ಮನಸ್ಸನ್ನು ತಾನೇ ಬೈದುಕೊಂಡು ಮಲಗುತ್ತಿದ್ದಳು.

ಹೀಗಿರುವಾಗ ಒಂದು ದಿನ ಸಿಮೆಂಟಿನ ಲಾರಿ ಬರಲಿಲ್ಲ. ಕೆಲಸವಿಲ್ಲದೆ ಎಲ್ಲರೂ ಬೇವಿನ ಮರದಡಿ ಕೂತರು. ಗದಿಗೆಮ್ಮ ಕಾಲು ಚಾಚಿ ಕೂತಳು, ಊರಿನ ಮಾತಾಡಿದಳು, ಪುಟ್ಟಿಯಡಿ ತಲೆಗಿಡುವ ಹರಿದ ಸಿಂಬೆಯನ್ನು ಹೊಲಿದಳು. ಊಟಕ್ಕೆ ಕೈ ತೊಳೆಯುವಾಗ ತಟ್ಟನೆ ಹೊಳೆಯಿತು: ಬೆಳಗಿನಿಂದ ತಂಬಾಕಿನ ನೆನಪೇ ಬಂದಿರಲಿಲ್ಲ.

ಅವಳು ಒದ್ದೆ ಕೈಯಲ್ಲೇ ಮೊಣಕಾಲು ಒತ್ತಿ ನೋಡಿಕೊಂಡಳು. ಇಷ್ಟು ದಿನ ಬಾಯಿ ಬೇಡ ಎನ್ನುತ್ತಿತ್ತು, ಮೊಣಕಾಲು ಬೇಕು ಎನ್ನುತ್ತಿತ್ತು. ಎರಡೂ ಅವಳವೇ, ಎರಡೂ ನಿಜವನ್ನೇ ಹೇಳುತ್ತಿದ್ದವು. ಮೊಣಕಾಲು ಕೇಳುತ್ತಿದ್ದದ್ದು ತಂಬಾಕನ್ನಲ್ಲ, ಕೂರುವುದನ್ನು.

ಮರುದಿನ ಲಾರಿ ಬಂತು. ಹನ್ನೊಂದಕ್ಕೆ ಗದಿಗೆಮ್ಮ ಪುಟ್ಟಿ ಕೆಳಗಿಟ್ಟು, ಇಟ್ಟಿಗೆಯ ರಾಶಿಯ ಮೇಲೆ ಕೂತು, ಖಾಲಿ ಕೈಗಳನ್ನು ಮಡಿಲಲ್ಲಿಟ್ಟುಕೊಂಡಳು. ಮಲ್ಲಣ್ಣ ಬೀಡಿ ಸೇದುತ್ತ ಹತ್ತಿರ ಬಂದ.

"ಸಂಚಿ ಎಲ್ಲೈತಿ?"

"ಇಲ್ರಿ."

"ಮತ್ಯಾಕ ಕುಂತಿ?"

"ಕಾಲು ನೋಯಾಕತ್ತಾವ್ರಿ."

"ಎಲ್ಲಾರ ಕಾಲೂ ನೋಯ್ತಾವ. ಎಲ್ಲಾರೂ ಕುಂತ್ರ ಕಟ್ಟಡ ತಾನಾಗಿ ಏಳ್ತೈತೇನು?"

"ತಂಬಾಕ ತಿನ್ನಾಕ ಕುಂತಾಗ ಎದ್ದೈತಲ್ರಿ."

ಯಾರೋ ಕಿಸಕ್ಕನೆ ನಕ್ಕರು. ಮಲ್ಲಣ್ಣನ ಮುಖ ಬಿಗಿಯಿತು. "ನಾಳಿಂದ ಬರಬ್ಯಾಡ ಅಂದ್ರ?"

"ನೀವು ಅಂದ್ರ ಹೋಗ್ತೀನ್ರಿ," ಎಂದಳು ಗದಿಗೆಮ್ಮ, ಕೂತಲ್ಲಿಂದ ಏಳದೆ. "ಐದು ನಿಮಿಷ ಆದ ಮ್ಯಾಲ."

ಆಗ ಶಿವದೇವಿ ತನ್ನ ಪುಟ್ಟಿ ಇಳಿಸಿ ಪಕ್ಕದಲ್ಲಿ ಬಂದು ಕೂತಳು. ಅವಳ ಸೊಂಟದಲ್ಲಿ ಸಂಚಿಯಿತ್ತು, ಬಿಚ್ಚಲಿಲ್ಲ. ಹಿಂದೆಯೇ ಇನ್ನಿಬ್ಬರು ಬಂದರು. ಮಲ್ಲಣ್ಣ ಸಾಲಾಗಿ ಕೂತ ಹೆಂಗಸರನ್ನು ನೋಡಿದ, ತನ್ನ ಬೆರಳ ನಡುವೆ ಅರ್ಧ ಉರಿದ ಬೀಡಿಯನ್ನು ನೋಡಿದ. ಆಮೇಲೆ ಎಂದಿನಂತೆ ಬೇರೆ ಕಡೆ ನೋಡಿದ.

ಮೊದಲ ಹತ್ತು ದಿನ ತಲೆ ಸಿಡಿಯಿತು, ಸಿಟ್ಟು ಬಂತು, ಕೈ ಸೊಂಟ ತಡಕಿತು. ಆದರೆ ಹನ್ನೊಂದಕ್ಕೆ ಅವಳು ಕೂರುತ್ತಿದ್ದಳು, ಮತ್ತು ಹೇಗೋ ದಾಟುತ್ತಿದ್ದಳು. ಈಗ ಅವಳೊಳಗೆ ಜಗಳವಾಡುವವರು ಇಬ್ಬರಿರಲಿಲ್ಲ.

ಯುಗಾದಿ ಹೊತ್ತಿಗೆ ಡಾಕ್ಟರಮ್ಮ ಮತ್ತೆ ಬ್ಯಾಟರಿ ಬಿಟ್ಟು ನೋಡಿ, ಮಚ್ಚೆ ಕಾಣಿಸುತ್ತಿಲ್ಲ, ಆದರೂ ಆರು ತಿಂಗಳಿಗೊಮ್ಮೆ ಬಾ ಎಂದಳು. ಮಾರನೆಯ ದಿನ ಊಟಕ್ಕೆ ಕೂತಾಗ ಗದಿಗೆಮ್ಮ ಶಿವದೇವಿಯ ಬುತ್ತಿಯಿಂದ ಕೆಂಪು ಚಟ್ನಿ ತೆಗೆದು ಒಣ ರೊಟ್ಟಿಯ ತುಂಬ ಸವರಿಕೊಂಡಳು. ಕಣ್ಣಲ್ಲಿ ನೀರು ಬಂತು, ಮೂಗು ಸೋರಿತು.

"ಬಾಯಿ ಉರಿತೈತೇನಬೇ?" ಶಿವದೇವಿ ಗಾಬರಿಯಾದಳು.

"ಉರೀತೈತಿ," ಎಂದಳು ಗದಿಗೆಮ್ಮ. "ಖಾರಕ್ಕ. ಇನ್ನೊಂದೀಟು ಹಾಕು."